ನನಗೆ ಎಪ್ಪತ್ತು ಅಂಕ

ಮೇ 6, ಸೋಮವಾರ

ಹದಿನಾಲ್ಕು ವರ್ಷದ ಹಿಂದೆ ಗಂಡನನ್ನು ಬಿಟ್ಟಾಗ ಈ ಪುಸ್ತಕದಲ್ಲಿ ಒಂದಷ್ಟು ಬರೆದಿದ್ದೆ. ಆಮೇಲೆ ಬರೆಯುವಂಥದ್ದು ಏನೂ ನಡೆಯಲಿಲ್ಲ, ದೇವರ ದಯೆ. ಇವತ್ತು ಮತ್ತೆ ತೆಗೆದಿದ್ದೇನೆ. ಹೆದರಿಕೆಯಿಂದಲ್ಲ. ಎಲ್ಲವೂ ಒಂದು ಕಡೆ ಬರೆದಿಟ್ಟಿರಲಿ ಎಂದು, ಅಷ್ಟೇ.

ಬೆಳಿಗ್ಗೆ ಒಂಬತ್ತಕ್ಕೆ ಚಿಕ್ಕ ಯಜಮಾನ ರೇಮ್ಟ್ ಅರವತ್ತು ಜನರನ್ನೂ ಲಾರಿ ನಿಲ್ಲುವ ಅಂಗಳಕ್ಕೆ ಕರೆಸಿದ. ಮೇಜಿನ ಮೇಲೆ ಚೀಸ್ ಇಟ್ಟ ಬನ್ನುಗಳಿದ್ದವು. ಅದನ್ನು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಇವನ ಅಪ್ಪ ಒಳ್ಳೆಯ ಸುದ್ದಿಗೂ ಬನ್ನು ಕೊಟ್ಟವನಲ್ಲ. ಲಾರಿ ಹೊದಿಕೆಗಳಿಗೆ ಬೇಡಿಕೆ ಅರ್ಧಕ್ಕೆ ಇಳಿದಿದೆಯಂತೆ, ಒಂಬತ್ತು ಜನ ಹೋಗಬೇಕಂತೆ. ಹೊಲಿಗೆ ವಿಭಾಗದಿಂದ ಇಬ್ಬರು. ನಾವಿರುವುದೇ ಏಳು ಜನ.

ಯಾರು ಹೋಗಬೇಕೆಂದು ಅಂಕ ಹಾಕಿ ನಿರ್ಧರಿಸುತ್ತಾರೆ. ವಯಸ್ಸಿನ ಪ್ರತಿ ವರ್ಷಕ್ಕೆ ಒಂದು, ಕೆಲಸ ಮಾಡಿದ ಪ್ರತಿ ವರ್ಷಕ್ಕೆ ಒಂದು, ಸಾಕಬೇಕಾದ ಪ್ರತಿ ಮಗುವಿಗೆ ಹತ್ತು. ಕಡಿಮೆ ಅಂಕದವರು ಮನೆಗೆ. ಮಾತು ಮುಗಿದ ಮೇಲೆ ಬನ್ನಿಗೆ ಯಾರೂ ಕೈ ಹಾಕಲಿಲ್ಲ. ನಾನು ಎರಡು ತಿಂದೆ. ಇಪ್ಪತ್ತೊಂದು ವರ್ಷ ದುಡಿದವಳು ನಾನು. ಎಮ್ಡೆನ್ನಿನಿಂದ ಬ್ರೇಮೆನ್‌ವರೆಗೆ ರಸ್ತೆಯ ಮೇಲೆ ಓಡುವ ಅರ್ಧ ಲಾರಿಗಳ ನೆತ್ತಿ ಮುಚ್ಚಿದ್ದು ನನ್ನ ಹೊಲಿಗೆ. ನನ್ನನ್ನು ಕಳಿಸುತ್ತಾರಾ? ಕಳಿಸಲಿ ನೋಡೋಣ.

ಮೇ 7, ಮಂಗಳವಾರ

ಇಡೀ ಹೊಲಿಗೆ ವಿಭಾಗ ಇವತ್ತು ಗಣಿತದ ತರಗತಿಯಾಗಿತ್ತು. ಸೀಮೆಸುಣ್ಣದಲ್ಲಿ ಟಾರ್ಪಾಲಿನ ಮೇಲೆ ಗುರುತು ಹಾಕುವ ಬದಲು ಎಲ್ಲರೂ ಅಂಕ ಕೂಡುತ್ತಿದ್ದರು. ನಾನು ಅಂಥದ್ದಕ್ಕೆಲ್ಲ ಇಳಿಯುವವಳಲ್ಲ. ಮನೆಗೆ ಬಂದು ಕೂಡಿದೆ.

ಹಿಲ್ಕೆಗೆ ಇಪ್ಪತ್ತೇಳು ವಯಸ್ಸು, ಎರಡು ವರ್ಷ ಕೆಲಸ. ಇಪ್ಪತ್ತೊಂಬತ್ತು. ಪಾಪದ ಹುಡುಗಿ, ಅವಳಂತೂ ಹೋದಳು. ಪಕ್ಕದ ಯಂತ್ರದ ಗೇಶೆಗೆ ಎಂಬತ್ತೆಂಟು. ಇನ್ನು ಮೂವರು ಎಂಬತ್ತರ ಮೇಲೆ. ಫ್ರಾಕೆಗೆ ನಲವತ್ತೊಂದು ವಯಸ್ಸು, ಹನ್ನೆರಡು ವರ್ಷ ಕೆಲಸ, ಇಬ್ಬರು ಹೆಣ್ಣುಮಕ್ಕಳು. ಎಪ್ಪತ್ತಮೂರು. ನನಗೆ ನಲವತ್ತೊಂಬತ್ತು ಮತ್ತು ಇಪ್ಪತ್ತೊಂದು, ಎಪ್ಪತ್ತು. ಮಗ ಯೆಲ್ಟೋ ಬ್ರೇಮೆನ್ನಿನಲ್ಲಿ ಬೇಕರಿ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಯಿತು, ಅವನಿಗೆ ಅಂಕವಿಲ್ಲ.

ಇನ್ನೊಂದು ಸಲ ಕೂಡಿದೆ. ಎಪ್ಪತ್ತೇ.

ಅಂಕ ಒಂದು ಕಡೆ, ಕೆಲಸ ಒಂದು ಕಡೆ. ಮೂಲೆ ಮಡಿಸಿ ನೀರು ಸೋರದ ಹಾಗೆ ಹೊಲಿಯುವವಳು ಅಲ್ಲಿ ನಾನೊಬ್ಬಳೇ. ಅದು ರೇಮ್ಟ್‌ಗೆ ಗೊತ್ತಿಲ್ಲದಿದ್ದರೂ ಲಾರಿಯವರಿಗೆ ಗೊತ್ತು. ನಾನು ನಿಶ್ಚಿಂತೆಯಾಗಿದ್ದೇನೆ.

ಮೇ 11, ಶನಿವಾರ

ಬೆಳಿಗ್ಗೆ ನಾಲ್ಕೂವರೆಗೇ ಎಚ್ಚರವಾಯಿತು. ಈಗೀಗ ಬೇಗ ಬೆಳಕಾಗುತ್ತದೆ, ಅದಕ್ಕೇ. ಹೊರಗೆ ಹೋಗಿ ಮೊಣಕಾಲೂರಿ ಅಂಗಳದ ಇಟ್ಟಿಗೆ ಸಂದಿಗಳಲ್ಲಿದ್ದ ಕಳೆಯನ್ನೆಲ್ಲ ಹಳೆ ಚಾಕುವಿನಿಂದ ಕೆತ್ತಿದೆ. ಏಳು ಗಂಟೆಗೆ ನಮ್ಮ ಅಂಗಳ ಮುಗಿಯಿತು. ಪಕ್ಕದ ಮನೆಯವರದ್ದೂ ಕೆತ್ತಿಕೊಟ್ಟೆ. ಕಿಟಕಿ ಗಾಜುಗಳನ್ನು ಒರೆಸಿದೆ. ಬುಧವಾರವೂ ಒರೆಸಿದ್ದೆ ಎಂಬುದು ಆಮೇಲೆ ನೆನಪಾಯಿತು.

ಯೆಲ್ಟೋಗೆ ಫೋನ್ ಮಾಡಿದೆ.

"ಏನಮ್ಮಾ, ದನಿ ಒಂಥರಾ ಇದೆ?"

"ನೆಗಡಿ ಕಣೋ."

"ಕೆಲಸದ ಕಡೆ ಎಲ್ಲಾ ಸರಿ ಇದೆಯಾ?"

"ಸರಿಯಿಲ್ಲದೆ ಏನು? ಬೇಜಾರಾಗೋವಷ್ಟು ಸರಿ ಇದೆ."

ಸುಳ್ಳಲ್ಲ ಅದು. ಇನ್ನೂ ಏನೂ ಆಗಿಲ್ಲವಲ್ಲ.

ಮೇ 16, ಗುರುವಾರ

ಪಟ್ಟಿ ಬಂದಿದೆ! ಕಚೇರಿಯಿಂದ ನೌಕರರ ಸಮಿತಿಯ ಕೈಗೆ ಇವತ್ತು ಕೊಟ್ಟರು. ಸಮಿತಿಯವರು ಒಂದು ವಾರದೊಳಗೆ ತಕರಾರಿದ್ದರೆ ಹೇಳಬೇಕು, ಇಲ್ಲವಾದರೆ ಪಟ್ಟಿ ಖಾಯಂ. ಸಮಿತಿಯಲ್ಲಿ ಫೋಕ್ಕೋ ಇದ್ದಾನೆ, ಮಾಲು ಎತ್ತುವ ಗಾಡಿ ಓಡಿಸುವವನು. ಒಳ್ಳೆಯವನು, ಆದರೆ ಗಟ್ಟಿಯಾಗಿ ದಬಾಯಿಸಿದರೆ ಬಾಯಿಬಿಡುತ್ತಾನೆ. ಬಟ್ಟೆಯ ಸುರುಳಿಗಳ ಹಿಂದೆ ಹಿಡಿದು ನಮ್ಮ ಕಡೆಯ ನಮಸ್ಕಾರ ಹೇಳಿದೆ.

"ಮೋಯಿನ್, ಫೋಕ್ಕೋ. ಪಟ್ಟಿ ಬಂತಂತಲ್ಲ?"

"ಮೋಯಿನ್. ಹೇಳೋ ಹಾಗಿಲ್ಲ ಥೇಡಾ. ಹೇಳಲ್ಲ ಅಂತ ಸಹಿ ಹಾಕಿಕೊಟ್ಟಿದೀನಿ."

"ನಿನ್ನ ಮದುವೆ ಶಾಮಿಯಾನ ಯಾರು ಹೊಲಿದಿದ್ದು?"

"ನೀನೇ."

"ಅವತ್ತಿನ ಮಳೇಲಿ ಒಂದು ಹನಿ ಸೋರ್ತಾ?"

"ಅಯ್ಯೋ ಮಾರಾಯ್ತಿ, ಜೀವ ತಿನ್ಬೇಡ. ನೀನು ಪಾರು, ಸಾಕಾ? ಹಿಲ್ಕೆ, ಆಮೇಲೆ ಫ್ರಾಕೆ. ಫ್ರಾಕೆಗೆ ಐವತ್ತಮೂರು. ನಿನಗೂ ಅವಳಿಗೂ ತುಂಬಾ ದೂರ. ಈಗ ದಾರಿ ಬಿಡು."

ದಾರಿ ಬಿಟ್ಟೆ. ಯಂತ್ರದ ಮುಂದೆ ಬಂದು ಕುಳಿತು ಒಂದೇ ಮೂಲೆಯನ್ನು ಎರಡು ಸಲ ಹೊಲಿದೆ. ಖುಷಿಯಿಂದ. ಹತ್ತು ನಿಮಿಷವಾದ ಮೇಲೆ ತಲೆ ಓಡಿತು. ಐವತ್ತಮೂರು ಎಂದರೆ ನಲವತ್ತೊಂದು, ಹನ್ನೆರಡು. ಮಕ್ಕಳ ಇಪ್ಪತ್ತು ಎಲ್ಲಿ?

ಎಲ್ಲಿ ಎಂದು ನನಗೆ ಚೆನ್ನಾಗಿ ಗೊತ್ತು. ಗಂಡನ ಚೀಟಿಯಲ್ಲಿ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳಲ್ಲಿ ಹೆಚ್ಚು ಸಂಬಳದವರ ತೆರಿಗೆ ಚೀಟಿಗೆ ಮಕ್ಕಳನ್ನು ಬರೆಸುತ್ತಾರೆ, ತೆರಿಗೆ ಕಡಿಮೆಯಾಗುತ್ತದೆ ಎಂದು. ಹೆಚ್ಚು ಸಂಬಳದವರು ಎಂದರೆ ಗಂಡ, ಇನ್ನು ಯಾರು? ಫ್ರಾಕೆಯ ಗಂಡ ಮೆನ್ನೋ ಎಮ್ಡೆನ್ ಬಂದರಿನಲ್ಲಿ ಕ್ರೇನ್ ಓಡಿಸುತ್ತಾನೆ. ಮಕ್ಕಳಿಬ್ಬರೂ ಅವನ ಚೀಟಿಯಲ್ಲಿದ್ದಾರೆಂದು ಅವಳೇ ಹೋದ ವರ್ಷ ಹೇಳಿದ್ದಳು. ಮದುವೆಯಾಗಿದ್ದಷ್ಟು ದಿನ ಯೆಲ್ಟೋ ಕೂಡ ಅವನಪ್ಪನ ಚೀಟಿಯಲ್ಲೇ ಇದ್ದ. ಹೆತ್ತವಳು ನಾನು, ಚೀಟಿ ಅವನದ್ದು. ನಮ್ಮ ಕಚೇರಿಯವರು ಫ್ರಾಕೆಯ ಚೀಟಿ ತೆಗೆದು ನೋಡಿದ್ದಾರೆ, ಮಕ್ಕಳ ಜಾಗದಲ್ಲಿ ಸೊನ್ನೆ ಕಂಡಿದೆ, ಸೊನ್ನೆ ಬರೆದಿದ್ದಾರೆ. ಅವಳಿಗೆ ಗೊತ್ತೇ ಇಲ್ಲ. ಅವಳಾಗಿಯೇ ಕೇಳುವುದೂ ಇಲ್ಲ, ಎಪ್ಪತ್ತಮೂರು ಇದೆ ಎಂದು ಆರಾಮವಾಗಿದ್ದಾಳೆ.

ಅದು ಕಚೇರಿಯವರ ತಪ್ಪು. ನನ್ನದಲ್ಲ.

ಮೇ 17, ಶುಕ್ರವಾರ

ಫ್ರಾಕೆಯ ಬಗ್ಗೆ ಸ್ವಲ್ಪ ಬರೆಯಬೇಕು. ಅವಳು ಓಲ್ಡನ್‌ಬುರ್ಗ್ ಕಡೆಯವಳು, ನಮ್ಮ ಊರಿನವಳಲ್ಲ. ಹನ್ನೊಂದು ಗಂಟೆಯ ಚಹಾಕ್ಕೆ ಎಲ್ಲರ ಜೊತೆ ಕೂರುತ್ತಾಳೆ, ಕಲ್ಲುಸಕ್ಕರೆ ಹಾಕುತ್ತಾಳೆ, ಮೇಲೆ ಕೆನೆ ಬಿಡುತ್ತಾಳೆ, ಆಮೇಲೆ ಚಮಚ ತೆಗೆದುಕೊಂಡು ಗರಗರ ಕಲಕುತ್ತಾಳೆ. ಹನ್ನೆರಡು ವರ್ಷದಿಂದ! ನಮ್ಮಲ್ಲಿ ಎರಡು ವರ್ಷದ ಮಗುವೂ ಚಹಾ ಕಲಕುವುದಿಲ್ಲ. ಮೊದಲು ಕೆನೆ, ಆಮೇಲೆ ಕಹಿ, ಕೊನೆಗೆ ಸಿಹಿ, ಹಾಗೆ ಕುಡಿಯಬೇಕು. ಹೇಳಿದರೆ "ಹೊಟ್ಟೆಗೆ ಹೋದ್ಮೇಲೆ ಎಲ್ಲಾ ಒಂದೇ ಅಲ್ವಾ ಥೇಡಾ" ಎನ್ನುತ್ತಾಳೆ. ಇಂಥವಳಿಗೆ ಏನು ಹೇಳುವುದು?

ಇವತ್ತು ಅವಳು ಒಂದು ಕಾಗದ ಹಿಡಿದುಕೊಂಡು ಬಂದಳು. ಏಳು ಜನರೂ ವಾರಕ್ಕೆ ನಾಲ್ಕು ದಿನ ಕೆಲಸ ಮಾಡುತ್ತೇವೆ, ಸಂಬಳವೂ ಅಷ್ಟಕ್ಕೇ ಸಾಕು, ಯಾರನ್ನೂ ಕಳಿಸಬೇಡಿ ಎಂದು ಯಜಮಾನನಿಗೆ ಬರೆದದ್ದು. ಆರು ಸಹಿ ಬಿದ್ದಿದ್ದವು.

"ನೀನೊಂದು ಹಾಕಿಬಿಡು ಥೇಡಾ. ಏಳು ಜನಾನೂ ಒಟ್ಟಿಗೆ ಹೋದ್ರೆ ಅವನು ಇಲ್ಲ ಅನ್ನೋಕೆ ಕಷ್ಟ."

"ನಾನ್ಯಾಕೆ ನಾಲ್ಕು ದಿನ ದುಡೀಲಿ? ನನಗೆ ಐದು ದಿನಾನೇ ಸರಿ."

"ಎಲ್ಲರಿಗೋಸ್ಕರ ಕಣೇ."

"ನಾನು ಯಾರಿಗೋಸ್ಕರಾನೂ ಅಲ್ಲ, ನನ್ನ ಪಾಡಿಗೆ ನಾನು."

ಅವಳ ಮುಖ ಸಣ್ಣಗಾಯಿತು. ಆಗಲಿ. ಒಬ್ಬಳ ಸಹಿ ಇಲ್ಲವೆಂದು ಕಾಗದವನ್ನು ಹಾಗೇ ಮಡಿಸಿಟ್ಟುಕೊಂಡಳು. ಸಂಜೆ ಮಾಂಸದಂಗಡಿಗೆ ಹೋಗಿ ನನಗೆಂದೇ ಒಳ್ಳೆಯ ಮಾಂಸ ತಂದು ಹುರಿದೆ. ಅರ್ಧ ಉಳಿಯಿತು.

ಮೇ 20, ಸೋಮವಾರ

ಪೆಂಟೆಕೋಸ್ಟ್ ಹಬ್ಬದ ರಜೆ. ಪಾರಾದವಳಿಗೆ ನಿದ್ದೆ ಬರಬೇಕಲ್ಲ, ಬರಲಿಲ್ಲ. ಹಾಸಿಗೆ ಹಳೆಯದಾಗಿರಬೇಕು. ಅಂಗಳದಲ್ಲಿ ಕೆತ್ತಲು ಇನ್ನು ಕಳೆಯಿಲ್ಲ.

ಬೀದಿಯ ಕೊನೆಯಲ್ಲಿ ಫ್ರಾಕೆ ಮತ್ತು ಮೆನ್ನೋ ಸೈಕಲ್ಲಿನಲ್ಲಿ ಹೋಗುತ್ತಿದ್ದರು, ಹಿಂದೆ ಮಕ್ಕಳು. ಚಿಕ್ಕವಳು ಎರಡೂ ಕೈ ಬಿಟ್ಟು ಓಡಿಸುತ್ತಿದ್ದಳು. ಫ್ರಾಕೆ ನನಗೆ ಕೈಬೀಸಿದಳು. ನಾನು ಕಿಟಕಿ ಒರೆಸುತ್ತಿದ್ದವಳ ಹಾಗೆ ಮಾಡಿದೆ.

ನಾನೇಕೆ ಹೇಳಬೇಕು? ನನ್ನನ್ನು ಯಾರು ಕೇಳಿದರು? ಅವಳಿಗೆ ಕ್ರೇನ್ ಓಡಿಸುವ ಗಂಡನಿದ್ದಾನೆ. ನನಗೆ ನಾನೇ ಗಂಡ, ನಾನೇ ಹೆಂಡತಿ. ನಲವತ್ತೊಂಬತ್ತರ ಹೊಲಿಗೆಯವಳನ್ನು ಈ ಲೇರ್ ಊರಿನಲ್ಲಿ ಯಾರು ಕರೆದು ಕೆಲಸ ಕೊಡುತ್ತಾರೆ?

ಮೇ 21, ಮಂಗಳವಾರ

ಚಹಾದ ಹೊತ್ತಿಗೆ ಗೇಶೆ ನನ್ನ ಪಕ್ಕ ಬಂದು ಕೂತಳು. ಅವಳ ಬಾಯಿಯಲ್ಲಿ ಮಾತು ನಿಲ್ಲುವುದಿಲ್ಲ, ಮೂರು ದಿನ ನಿಲ್ಲಿಸಿಕೊಂಡದ್ದೇ ಹೆಚ್ಚು.

"ಏನೇ ಥೇಡಾ, ಎಂಥಾ ಕಲ್ಲು ಮನಸ್ಸೇ ನಿಂದು? ಆ ಕಾಗದ ಯಾರಿಗೋಸ್ಕರ ಅಂದ್ಕೊಂಡೆ?"

"ಹಿಲ್ಕೆಗೆ ಇರಬೇಕು."

"ಹಿಲ್ಕೆಗೆ ಇಪ್ಪತ್ತೇಳು ವಯಸ್ಸು, ಎಲ್ಲಾದ್ರೂ ಬದುಕ್ತಾಳೆ. ನಿನಗೋಸ್ಕರ ಕಣೇ! ಲೆಕ್ಕ ನಮಗೂ ಬರುತ್ತೆ. ಫ್ರಾಕೆಗೆ ಎಪ್ಪತ್ತಮೂರು, ನಿನಗೆ ಎಪ್ಪತ್ತು. ಕೆಳಗಿನಿಂದ ಎರಡನೆಯವಳು ನೀನು. ಅವಳು ಅವತ್ತೇ ಕೂಡಿ ನೋಡಿ ಅತ್ಲು. ನಿನ್ನ ಮುಖಕ್ಕೆ ಹೇಳಿದ್ರೆ ನೀನು ಸೆಟೆದುಕೊಳ್ತೀಯ ಅಂತ ‘ಎಲ್ಲರಿಗೋಸ್ಕರ’ ಅಂದಿದ್ದು."

ನಾನು ಚಹಾ ಕುಡಿದೆ. ಬಿಸಿ ಇತ್ತು, ಬಾಯಿ ಸುಟ್ಟಿತು. ಆ ಕಡೆ ಮೇಜಿನಲ್ಲಿ ಅವಳು ಕಲಕುತ್ತಿದ್ದಳು.

ಹೆಚ್ಚು ಬರೆಯಲಾರೆ.

ಮೇ 22, ಬುಧವಾರ

ಹೇಳಿದೆ.

ಏನೇನೋ ಯೋಚಿಸಿಕೊಂಡು ಹೋಗಿದ್ದೆ, ಹೀಗೆ ಶುರು ಮಾಡಬೇಕು, ಹಾಗೆ ಮುಗಿಸಬೇಕು ಎಂದು. ಒಂದೂ ನಡೆಯಲಿಲ್ಲ. ಅವಳು ಬಟ್ಟಲಿಗೆ ಚಮಚ ಹಾಕಿದ ಕೂಡಲೇ ಎದುರು ಹೋಗಿ ಕೂತೆ.

"ಫ್ರಾಕೆ, ನಿನ್ನ ಮಕ್ಕಳು ಯಾರ ಚೀಟೀಲಿದಾರೆ?"

"ಯಾವ ಚೀಟಿ?"

"ತೆರಿಗೇದು."

"ಮೆನ್ನೋದು. ಯಾಕೆ?"

"ನಮ್ಮ ಕಚೇರಿಯವರು ನಿನ್ನ ಚೀಟಿ ನೋಡಿ ಅಂಕ ಹಾಕಿದಾರೆ. ಅವರ ಪ್ರಕಾರ ನಿನಗೆ ಮಕ್ಕಳೇ ಇಲ್ಲ."

"ಇಲ್ಲ ಅಂದ್ರೆ? ಬೆಳಿಗ್ಗೆ ತಾನೇ ಇಬ್ಬರಿಗೂ ಜಡೆ ಹಾಕಿ ಬಂದಿದೀನಿ!"

"ಜಡೆಗೆ ಅಂಕ ಇಲ್ಲ ಕಣೇ. ನಿನಗೆ ಐವತ್ತಮೂರು ಬರೆದಿದಾರೆ. ನಾಳೆ ಸಮಿತಿಯವರು ಸಹಿ ಹಾಕ್ತಾರೆ. ಹಾಕಿದ್ರೆ ನೀನು ಹೋದ ಹಾಗೆ."

ಅವಳು ಚಮಚವನ್ನು ಮೆಲ್ಲಗೆ ಕೆಳಗಿಟ್ಟಳು. ತುಟಿ ಅಲ್ಲಾಡುತ್ತಿತ್ತು, ಕೂಡುತ್ತಿದ್ದಳು.

"ಮತ್ತೆ ಇದನ್ನ ಸರಿ ಮಾಡಿಸಿದ್ರೆ ನೀನು..."

"ಎಣಿಸೋಕೆ ನನಗೂ ಬರುತ್ತೆ."

"ನಿನಗೆ ಯಾವಾಗ ಗೊತ್ತಾಯ್ತು?"

ಇಲ್ಲಿ ಸುಳ್ಳು ಹೇಳಬಹುದಿತ್ತು. ಇವತ್ತು ಬೆಳಿಗ್ಗೆ ಎಂದಿದ್ದರೆ ನಂಬುತ್ತಿದ್ದಳು.

"ಹೋದ ಗುರುವಾರ."

"ಆರು ದಿನ?" ಅವಳು ಎದ್ದು ನಿಂತಳು. "ಆರು ದಿನ ನನ್ನ ಪಕ್ಕ ಕೂತು ಹೊಲಿದ್ಯಲ್ಲ ಥೇಡಾ! ನಾನು ನಿನ್ನ ಹೆಸರು ಹಿಡ್ಕೊಂಡು ಕಾಗದ ಹೊತ್ತು ಅಲೀತಿದ್ರೆ, ನೀನು ನೋಡ್ತಾ ಕೂತಿದ್ಯಾ? ನಿನ್ನಂಥವಳಿಗೆ ಅತ್ತೆನಲ್ಲ ನಾನು!"

ಎಲ್ಲರೂ ನೋಡುತ್ತಿದ್ದರು. ಹಿಲ್ಕೆ ಕೂಡ. ನಾನು ಸುಮ್ಮನೆ ತಲೆಯಾಡಿಸಿದೆ. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಬೈಗುಳ ತಿನ್ನುತ್ತಾ ಕೂತಾಗ ಎದೆಯ ಮೇಲಿಂದ ಯಾರೋ ಎದ್ದು ಹೋದ ಹಾಗಿತ್ತು, ಅದೇಕೋ ತಿಳಿಯಲಿಲ್ಲ.

"ಬೈಯೋದು ಆಮೇಲೆ ಬೈ," ಎಂದೆ. "ಮೊದಲು ಮನೆಗೆ ಹೋಗಿ ಮಕ್ಕಳ ಜನನ ಪತ್ರ ತಗೊಂಡು ಬಾ. ಸಮಿತಿಯವರು ಇವತ್ತೇ ಮೂರು ಗಂಟೆಗೆ ಕೂರ್ತಾರೆ."

ಸೈಕಲ್ ಹತ್ತಿ ಹೋದಳು. ಮೂರಕ್ಕೆ ನಾನೂ ಜೊತೆಗೆ ಒಳಗೆ ಹೋದೆ. ಫೋಕ್ಕೋನ ಮುಖ ಸುಣ್ಣದ ಹಾಗಾಯಿತು. ಅವನ ಹೆಸರು ನಾನು ಎತ್ತಲಿಲ್ಲ. "ಈ ಹೆಂಗಸಿಗೆ ಇಬ್ಬರು ಮಕ್ಕಳಿದಾರೆ, ಇಡೀ ಲೇರ್‌ಗೆ ಗೊತ್ತು, ನಿಮ್ಮ ಕಾಗದಕ್ಕೆ ಮಾತ್ರ ಗೊತ್ತಿಲ್ಲ," ಎಂದೆ. ಪತ್ರಗಳನ್ನು ಮೇಜಿನ ಮೇಲಿಟ್ಟೆವು. ಫೋಕ್ಕೋ ಬಹಳ ಹೊತ್ತು ನನ್ನನ್ನೇ ನೋಡಿದ, ಆಮೇಲೆ ಬರೆದುಕೊಂಡ.

ಹೊರಗೆ ಬಂದ ಮೇಲೆ ಫ್ರಾಕೆಯ ಚೀಲದಿಂದ ಆ ಕಾಗದ ಕೇಳಿ ತೆಗೆದುಕೊಂಡು ಸಹಿ ಹಾಕಿದೆ. ಏಳನೆಯದು.

ಮೇ 23, ಗುರುವಾರ

ಪಟ್ಟಿ ಬದಲಾಯಿತು. ಹಿಲ್ಕೆ, ಥೇಡಾ ಉಬ್ಬೆನ್.

ಕಾಗದ ಹಿಡಿದುಕೊಂಡು ಏಳು ಜನರೂ ರೇಮ್ಟ್‌ನ ಹತ್ತಿರ ಹೋದೆವು. ಅವನು ಓದಿ, ಕನ್ನಡಕ ತೆಗೆದು ಒರೆಸಿದ. "ಮಂಗಳವಾರವೇ ಎರಡು ಯಂತ್ರ ಮಾರಿ ಮುಂಗಡ ತಗೊಂಡುಬಿಟ್ಟೆ. ಇದು ಶುಕ್ರವಾರವೇ ಬಂದಿದ್ರೆ ಯೋಚನೆ ಮಾಡಬಹುದಿತ್ತೇನೋ," ಎಂದ.

ಶುಕ್ರವಾರ ಬರಲಿಲ್ಲ, ಯಾಕೆಂದರೆ ನಾನು ಸಹಿ ಹಾಕಲಿಲ್ಲ. ಏಳು ಜನರಿಗೂ ಅದು ಗೊತ್ತು, ಒಬ್ಬರೂ ನನ್ನ ಕಡೆ ನೋಡಲಿಲ್ಲ. ನನ್ನ ಕೆಲಸ ನಾನೇ ಕಳೆದುಕೊಂಡರೆ ನನ್ನ ಹಣೆಬರಹ. ಹಿಲ್ಕೆಯದ್ದನ್ನೂ ಕಳೆದೆನಲ್ಲ. ಸಂಜೆ ಅವಳ ಬಾಗಿಲಿಗೆ ಹೋಗಿ ಹಾಗೆಂದೇ ಹೇಳಿದೆ. ತಪ್ಪಾಯಿತು ಎಂದೆ. ಈ ಮಾತು ನನ್ನ ಬಾಯಿಂದ ಬಂದು ಎಷ್ಟು ವರ್ಷವಾಗಿತ್ತೋ.

"ಒಳಗೆ ಬನ್ನಿ ಥೇಡಾ, ಬಾಗಿಲಲ್ಲಿ ನಿಂತು ಅಳಬೇಡಿ," ಎಂದಳು.

ನಾನೆಲ್ಲಿ ಅತ್ತೆ? ಗಾಳಿಗೆ ಕಣ್ಣಲ್ಲಿ ನೀರು ಬಂದಿತ್ತು.

ಜೂನ್ 2, ಭಾನುವಾರ

ಒಂಬತ್ತರವರೆಗೆ ಮಲಗಿಬಿಟ್ಟೆ. ಗಂಟೆ ನೋಡಿ ಗಾಬರಿಯಾಯಿತು.

ಯೆಲ್ಟೋಗೆ ಎಲ್ಲ ಹೇಳಿದೆ, ಮೊದಲಿನಿಂದ. ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಅಮ್ಮಾ, ನೆಗಡಿ ಹೋಯ್ತಾ?" ಎಂದ. ಪೋಕರಿ.

ಜೂನ್ 13, ಗುರುವಾರ

ಕೆಲಸದಿಂದ ತೆಗೆದ ಪತ್ರ ಕೈಗೆ ಬಂತು. ಇಲ್ಲಿ ಅದನ್ನು ಅಂಚೆಯಲ್ಲಿ ಹಾಕಿ ತಪ್ಪಿಸಿಕೊಳ್ಳುವ ಹಾಗಿದ್ದರೂ ರೇಮ್ಟ್ ಕರೆದು ಕೈಯಲ್ಲೇ ಕೊಟ್ಟ. ಅಷ್ಟು ಮಟ್ಟಿಗೆ ಅಪ್ಪನ ಮಗ.

"ಉಬ್ಬೆನ್ ಅವರೇ, ನೀವು ಸುಮ್ಮನಿದ್ದಿದ್ರೆ..."

"ಇದ್ದೆ. ಆರು ದಿನ ಇದ್ದು ನೋಡಿದೆ. ಆಗಲಿಲ್ಲ. ಕೊಡಿ ಇಲ್ಲಿ."

ಇಪ್ಪತ್ತೊಂದು ವರ್ಷ ದುಡಿದವರಿಗೆ ಏಳು ತಿಂಗಳ ಗಡುವು. ಜನವರಿ ಕೊನೆಯವರೆಗೆ ಕೆಲಸವಿದೆ. ಯಂತ್ರಕ್ಕೆ ವಾಪಸ್ಸು ಬಂದರೆ ಫ್ರಾಕೆ ನನ್ನ ಕುರ್ಚಿಯ ಹತ್ತಿರ ನಿಂತಿದ್ದಳು. ಮೂರು ವಾರದಿಂದ ಕೆಲಸಕ್ಕೆ ಬೇಕಾದ ಮಾತು ಬಿಟ್ಟು ಇನ್ನೊಂದು ಆಡಿರಲಿಲ್ಲ.

"ನಾನಿನ್ನೂ ನಿನ್ನ ಮೇಲೆ ಕೋಪದಲ್ಲೇ ಇದೀನಿ," ಎಂದಳು.

"ಇರು. ಏಳು ತಿಂಗಳು ಟೈಮಿದೆ."

ನಕ್ಕಳು, ಅಳುತ್ತಲೇ. ನನ್ನ ಭುಜ ಹಿಡಿದುಕೊಂಡು ಎಲ್ಲರೆದುರು ಅತ್ತಳು. ಇಷ್ಟೊಂದು ಪ್ರದರ್ಶನ ನನಗೆ ಹಿಡಿಸುವುದಿಲ್ಲ, ಆದರೂ ತಳ್ಳಲಿಲ್ಲ. ಮಧ್ಯಾಹ್ನ ಪಕ್ಕದಲ್ಲಿ ಕೂರಿಸಿಕೊಂಡು ಮೂಲೆ ಮಡಿಸುವುದನ್ನು ತೋರಿಸಿಕೊಟ್ಟೆ. ಇಷ್ಟು ವರ್ಷ ಯಾರಿಗೂ ತೋರಿಸಿರಲಿಲ್ಲ. ಮೂರನೇ ಸಲಕ್ಕೇ ಸರಿಯಾಗಿ ಹೊಲಿದಳು. ಅಷ್ಟು ಸುಲಭವೆಂದು ನನಗೆ ಗೊತ್ತಿರಲಿಲ್ಲ.

ಜೂನ್ 14, ಶುಕ್ರವಾರ

ಪತ್ರ ಬಂದ ಮೂರು ದಿನದೊಳಗೆ ನಿರುದ್ಯೋಗಿಗಳ ಕಚೇರಿಗೆ ಹೋಗಿ ಹೆಸರು ಬರೆಸಬೇಕು. ಹೋಗಿದ್ದೆ. ಕಾಯುವ ಕೋಣೆಯಲ್ಲಿ ಸರದಿಯ ಚೀಟಿ ಹಿಡಿದು ಕೂತೆ. ಭಯ. ಬರೆದೇಬಿಡುತ್ತೇನೆ, ನನಗೆ ಭಯವಾಗುತ್ತಿದೆ. ಫೆಬ್ರವರಿಯಲ್ಲಿ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತೇನೋ ಗೊತ್ತಿಲ್ಲ. ಬೆಂಚಿನ ಮೇಲೆ ಪಕ್ಕದಲ್ಲಿದ್ದವನಿಗೂ ಹೇಳಿದೆ. "ನನಗೂ," ಎಂದು ಸ್ವಲ್ಪ ಸರಿದು ಜಾಗ ಕೊಟ್ಟ.

ಒಳಗೆ ನಲವತ್ತರ ಹೆಂಗಸು, ಮೇಜಿನ ಮೇಲೆ ಮೂರು ಮಕ್ಕಳ ಫೋಟೋ. ಒಂದೊಂದೇ ಪ್ರಶ್ನೆ ಓದಿ ಬರೆದುಕೊಳ್ಳುತ್ತಿದ್ದಳು. ವಯಸ್ಸು, ವರ್ಷ, ಏನು ಕೆಲಸ ಬರುತ್ತದೆ. ಟಾರ್ಪಾಲು, ಶಾಮಿಯಾನ, ದೋಣಿಯ ಹೊದಿಕೆ, ಏನು ಕೊಟ್ಟರೂ ಹೊಲಿಯುತ್ತೇನೆ, ಸೋರಿದರೆ ದುಡ್ಡು ವಾಪಸ್ಸು ಎಂದೆ. ಅದನ್ನೂ ಬರೆದುಕೊಂಡಳು. ಕೊನೆಗೆ ಬಂತು.

"ಕೆಲಸ ಹೋಗಿದ್ರಲ್ಲಿ ನಿಮ್ಮ ಕೈವಾಡ ಏನಾದ್ರೂ ಇದೆಯಾ?"

"ಇದೆ," ಎಂದೆ. "ಪೂರ್ತಿ ನಂದೇ."

ಅವಳು ತಲೆಯೆತ್ತಿ, ಪೆನ್ನು ಕೆಳಗಿಟ್ಟಳು. "ನೋಡಿ ಉಬ್ಬೆನ್ ಅವರೇ, ಹಾಗೆ ಬರೆದ್ರೆ ಮೂರು ತಿಂಗಳು ನಿಮ್ಮ ಭತ್ಯೆ ತಡೀತಾರೆ. ಏನು ಮಾಡಿದ್ರಿ, ಕದ್ರಾ?"

"ಬಾಯಿಬಿಟ್ಟೆ."

ಕೇಳಿದಳಲ್ಲ, ಹೇಳಿದೆ. ಅಂಕ, ಪಟ್ಟಿ, ಕ್ರೇನ್ ಓಡಿಸುವ ಗಂಡ, ಜಡೆ, ಆರು ದಿನ, ಎಲ್ಲವನ್ನೂ. ಹೊರಗೆ ಜನ ಕಾಯುತ್ತಿದ್ದರು, ಅವಳು ಒಂದು ಸಲವೂ ಗಡಿಯಾರ ನೋಡಲಿಲ್ಲ. ಮುಗಿದ ಮೇಲೆ ಪೆನ್ನು ಎತ್ತಿಕೊಂಡು, ಒತ್ತಿ, ದೊಡ್ಡದಾಗಿ ‘ಇಲ್ಲ’ ಎಂದು ಬರೆದಳು. ಗ್ರೇಟ್‌ಸೀಲ್‌ನಲ್ಲಿ ದೋಣಿ ಹೊದಿಕೆ ಮಾಡುವವರೊಬ್ಬರ ವಿಳಾಸವನ್ನೂ ಕೊಟ್ಟಳು. ನಾಳೆಯೇ ಹೋಗುತ್ತೇನೆ. ಅವರಿಗೆ ನನ್ನಂಥವಳು ಸಿಕ್ಕಿದರೆ ಅವರ ಪುಣ್ಯ.

ನಾನು ಎದ್ದಾಗಲೂ ಅವಳು ಆ ಫೋಟೋವನ್ನೇ ನೋಡುತ್ತಾ ಕೂತಿದ್ದಳು. ಬಾಗಿಲು ಎಳೆದುಕೊಳ್ಳುವಷ್ಟರಲ್ಲಿ ಫೋನ್ ಎತ್ತಿಕೊಂಡಿದ್ದಳು.

"ನಾನು ಕಣ್ರೀ. ಊಟದ ವಿಷಯ ಆಮೇಲೆ. ಮೊದಲು ಇದಕ್ಕೆ ಉತ್ತರ ಹೇಳಿ. ತೆರಿಗೆ ಚೀಟೀಲಿ ಆ ಮೂರು ಮಕ್ಕಳು ನಿಮ್ಮೊಬ್ಬರವೇನ್ರೀ?"